ಹನ್ನೆರಡು ಕೈಚೀಲಗಳ ದಂಡಯಾತ್ರೆ

"ಇನ್ನು ಮೂವತ್ತೇ ದಿನ! ಮೂವತ್ತನೇ ದಿನ ಈ ಮನೆಯಿಂದ ಹೊರಗೆ ಹೋಗೋ ಕಸ ಒಂದು ಟೀ ಲೋಟ ತುಂಬಬಾರದು. ತುಂಬಿದ್ರೆ ನನ್ನ ಹೆಸರು ಬದಲಾಯಿಸಿ!"

ಭಾನುವಾರ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದು ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಇನ್ನೊಂದರಲ್ಲಿ ಕಸದ ಬುಟ್ಟಿ ಹಿಡಿದು ಅವನು ಈ ಘೋರ ಪ್ರತಿಜ್ಞೆ ಮಾಡಿದ. ಬದಲಾಯಿಸುವುದಕ್ಕೆ ಅವನ ಹೆಸರು ಬಳಕೆಯಲ್ಲಿದ್ದರೆ ತಾನೆ? ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದ ಅವನಿಗೆ ಗೆಳೆಯರಾದ ನಾವು 'ಅಲ್ಪವಿರಾಮ' ಎಂದು ಹೆಸರಿಟ್ಟು ಎಷ್ಟೋ ವರ್ಷವಾಗಿತ್ತು. ಮಾತು ನಿಲ್ಲಿಸಿದಂತೆ ಕಾಣುತ್ತಾನೆ, ನಿಲ್ಲಿಸಿರುವುದಿಲ್ಲ. ಅವನು ಹೋಗಿ ಈಗ ನಾಲ್ಕು ತಿಂಗಳು. ಇದ್ದಿದ್ದರೆ ಈ ಬರಹದ ಮೊದಲ ಪುಟದಲ್ಲೇ ಏಳು ತಪ್ಪು ಹುಡುಕಿ, ಎಂಟನೆಯದನ್ನು ತಾನೇ ಸೇರಿಸಿ, "ಈಗ ಸರಿಯಾಯ್ತು ನೋಡು" ಎನ್ನುತ್ತಿದ್ದ. ಇಲ್ಲವಲ್ಲ, ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಲು ಅಡ್ಡಿಯಿಲ್ಲ.

ಪ್ರತಿಜ್ಞೆ ಕೇಳಿದ ಅವನ ಹೆಂಡತಿ, ಅಂದರೆ ನಮಗೆಲ್ಲ ಅತ್ತಿಗೆ, ಹೊಲಿಗೆ ಯಂತ್ರದ ಮುಂದಿನಿಂದ ತಲೆಯನ್ನೂ ಎತ್ತಲಿಲ್ಲ.

"ಮೊದಲು ಬಾಯಲ್ಲಿರೋ ಪೇಸ್ಟ್ ಉಗೀರಿ. ನೆಲದ ಮೇಲೆ ಬೀಳ್ತಿದೆ. ಅದೂ ಕಸವೇ."

"ಮಹತ್ಕಾರ್ಯಕ್ಕೆ ಮನೆಯಿಂದಲೇ ವಿರೋಧ ಶುರುವಾಗೋದು!"

"ಮಹತ್ಕಾರ್ಯ ಶುರುವಾಗೋದೂ ಮನೆಯಿಂದಲೇ ಅಲ್ವಾ, ಅದಕ್ಕೇ."

ಅತ್ತಿಗೆ ಹೀಗೆ ಮಾತಾಡುವುದಕ್ಕೆ ಕಾರಣಗಳಿದ್ದವು. ಅಲ್ಪವಿರಾಮನಿಗೆ ಪರಿಸರದ ಚಿಂತೆ ಹತ್ತಿದ ಮೇಲೆ ಆ ಎರಡು ಕೋಣೆಯ ಮನೆ ಒಂದು ಪ್ರಯೋಗಶಾಲೆಯಾಗಿತ್ತು. ಮೊದಲು ಗೊಬ್ಬರ ಮಾಡುವ ಎರೆಹುಳುಗಳು ಬಂದವು. ಡಬ್ಬದ ತಳಕ್ಕೆ ತೂತು ಕೊರೆದವನು ಅವೇ ತೂತಿನಿಂದ ಹುಳುಗಳೂ ಹೊರಗೆ ಬರಬಹುದು ಎಂದು ಯೋಚಿಸಿರಲಿಲ್ಲ. ಅವು ಮಗಳ ಶಾಲೆಯ ಬೂಟಿನೊಳಗೆ ಸಂಸಾರ ಹೂಡಿದವು. ಆಮೇಲೆ ಸ್ನಾನದ ನೀರನ್ನು ಗಿಡಗಳಿಗೆ ಹಾಯಿಸುವ ಪೈಪು ಬಂತು. ಅದು ಗಿಡಗಳಿಗೆ ಹಾಯಿಸಿದ್ದು ಕಡಿಮೆ, ಕೆಳಗಿನ ಮನೆಯವರು ಒಣಹಾಕಿದ ಹಾಸಿಗೆಗೆ ಹಾಯಿಸಿದ್ದು ಹೆಚ್ಚು. ಹಾಲಿನ ಪ್ಲಾಸ್ಟಿಕ್ ಕವರುಗಳನ್ನು ತೊಳೆದು ಹಗ್ಗದ ಮೇಲೆ ಸಾಲಾಗಿ ಕ್ಲಿಪ್ಪು ಹಾಕಿ ಒಣಗಿಸುತ್ತಿದ್ದ. ಬಂದವರು ಒದ್ದೆ ಕವರುಗಳ ತೋರಣ ಸರಿಸಿಕೊಂಡೇ ಒಳಗೆ ಬರಬೇಕು. ಒಣಗಿದ ಕವರುಗಳನ್ನು ಏನು ಮಾಡಬೇಕು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಮಂಚದ ಕೆಳಗೆ ಮೂರು ಮೂಟೆ ಸೇರಿತ್ತು.

ಕೊನೆಗೆ ಆದದ್ದು ಸ್ಯಾಟಿನ್ ಪ್ರಕರಣ. ಗಿರಾಕಿಯೊಬ್ಬರು ಗೌನಿನ ಒಳಪದರಕ್ಕೆಂದು ಕೊಟ್ಟಿದ್ದ ಎರಡು ಮೀಟರ್ ಕೆನೆಬಣ್ಣದ ಸ್ಯಾಟಿನ್ ಬಟ್ಟೆಯನ್ನು ಅವನು ಎರೆಹುಳುಗಳ ಡಬ್ಬಕ್ಕೆ ಮುಚ್ಚಿದ. "ಗಾಳಿಯೂ ಆಡುತ್ತೆ, ಹುಳಕ್ಕೆ ಮೆತ್ತಗೂ ಇರುತ್ತೆ" ಎಂದು ಸಮಜಾಯಿಷಿ ಬೇರೆ! ಅವತ್ತು ಅತ್ತಿಗೆ ಒಂದು ಹಾಳೆ, ಒಂದು ಪೆನ್ನು ತಂದು ಅವನ ಮುಂದಿಟ್ಟರು. ಅವನು ಬರೆದುಕೊಟ್ಟ: 'ಇನ್ನು ಮುಂದೆ ಈ ಮನೆಯ ಯಾವ ಒಳ್ಳೆಯ ವಸ್ತುವನ್ನೂ ಮುಟ್ಟುವುದಿಲ್ಲ. ಕಸವನ್ನು ಮಾತ್ರ ಮುಟ್ಟುತ್ತೇನೆ.' ಕೆಳಗೆ ಸಹಿ. ಸಹಿಯ ಮುಂದೆಯೂ ಒಂದು ಅಲ್ಪವಿರಾಮ. ಹಾಳೆ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಕೊಂಡಿತು.

ಆ ಗೋಡೆಯ ಬಗ್ಗೆ ಎರಡು ಮಾತು ಹೇಳಬೇಕು. ಅತ್ತಿಗೆಯ ಯಂತ್ರ ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಸಂದಿಯಲ್ಲಿ. ಬಚ್ಚಲಿಗೆ ಹೋಗುವವರಿಗೆಲ್ಲ ಅತ್ತಿಗೆ ಕುರ್ಚಿ ಸರಿಸಿ ದಾರಿ ಬಿಡಬೇಕು. ಹನ್ನೊಂದು ವರ್ಷ ಆ ಗೋಡೆಯನ್ನೇ ನೋಡುತ್ತ ಬೀದಿಯವರ ಬಟ್ಟೆ ಹೊಲಿದಿದ್ದರು. ಬೀದಿಯ ತುದಿಯಲ್ಲಿ ಬೀಗ ಹಾಕಿದ ಒಂದು ಕೋಣೆಯಿತ್ತು. ಅದಕ್ಕೆ ರಸ್ತೆಯ ಕಡೆ ಒಂದು ದೊಡ್ಡ ಕಿಟಕಿ. ತರಕಾರಿಗೆ ಹೋಗಿ ಬರುವಾಗಲೆಲ್ಲ ಅತ್ತಿಗೆ ಆ ಕಿಟಕಿಯ ಮುಂದೆ ಒಂದು ಕ್ಷಣ ನಿಲ್ಲುತ್ತಿದ್ದರು. ಕೇಳಿದರೆ, "ಚಪ್ಪಲಿಯೊಳಗೆ ಕಲ್ಲು ಸೇರ್ಕೊಂಡಿತ್ತು" ಎನ್ನುತ್ತಿದ್ದರು. ಹನ್ನೊಂದು ವರ್ಷ ಅದೇ ಜಾಗದಲ್ಲಿ ಅದೇ ಕಲ್ಲು!

ಆ ವಾರವೇ ಆ ಕಿಟಕಿ ಕೈಗೆ ಸಿಗುವ ಹಾಗಾಗಿತ್ತು. ದೊಡ್ಡಾಸ್ಪತ್ರೆಯ ದಾದಿಯರ ಕೋಟು ಹೊಲಿಯುವ ಕೆಲಸಕ್ಕೆ ಮಾದರಿ ಕೇಳಿದ್ದರು. ಚಿಕ್ಕದು, ಮಧ್ಯಮ, ದೊಡ್ಡದು, ಮೂರೇ ಕೋಟು. ತಿಳಿನೀಲಿ ದಪ್ಪ ಬಟ್ಟೆ ಆಸ್ಪತ್ರೆಯದೇ. ಅಳೆದು ಕೊಟ್ಟದ್ದು, ಹೆಚ್ಚಿಗೆ ಒಂದು ಗೇಣು ಇಲ್ಲ. ಸೋಮವಾರ ಬೆಳಗ್ಗೆ ಹತ್ತಕ್ಕೆ ಹೆಡ್ ನರ್ಸಮ್ಮನ ಮೇಜಿನ ಮೇಲೆ ಮೂರೂ ಕೋಟು ಇರಬೇಕು. ಒಪ್ಪಿಗೆಯಾದರೆ ವರ್ಷಪೂರ್ತಿ ಕೆಲಸ. ಕೆಲಸವಿದ್ದರೆ ಕೋಣೆ. ಕೋಣೆಯಿದ್ದರೆ ಕಿಟಕಿ.

ಅತ್ತಿಗೆ ಮೂರೂ ಕೋಟುಗಳ ಬಟ್ಟೆ ಕತ್ತರಿಸಿ, ಬೆನ್ನು, ಮುಂಭಾಗ, ತೋಳು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟರು. ಎಲ್ಲಿಟ್ಟರು? ಅಲ್ಲೇ ಇರುವುದು ಮಜಾ. ಸ್ಯಾಟಿನ್ ಪ್ರಕರಣದ ನಂತರ ಅವರಿಗೆ ಗಂಡ ಬರೆದುಕೊಟ್ಟ ಹಾಳೆಗಿಂತ ಸ್ವಂತ ಬುದ್ಧಿಯ ಮೇಲೆ ಹೆಚ್ಚು ನಂಬಿಕೆ. 'ಒಳ್ಳೆ ಚೀಲದಲ್ಲಿ ಇಟ್ಟರೆ ಈ ಮನುಷ್ಯನ ಕಣ್ಣು ಬೀಳುತ್ತೆ. ಹರುಕು ಚೀಲ ಯಾರು ಮುಟ್ಟುತ್ತಾರೆ?' ಎಂದು ಲೆಕ್ಕ ಹಾಕಿ, ಬೆಲೆಬಾಳುವ ಬಟ್ಟೆಯನ್ನೆಲ್ಲ ಬಾಗಿಲ ಹಿಂದಿನ ಹರುಕು ಗೋಣಿಚೀಲದಲ್ಲಿ ಇಡುತ್ತಿದ್ದರು. ನಿಜವಾದ ಚಿಂದಿಯೆಲ್ಲ ಜಿಪ್ಪಿರುವ ಹೊಸ ಕ್ಯಾನ್‌ವಾಸ್ ಚೀಲದಲ್ಲಿ ಗೂಟಕ್ಕೆ ತೂಗುತ್ತಿತ್ತು. ಈ ಗುಟ್ಟು ಮಗಳಿಗೆ ಗೊತ್ತಿತ್ತು. ಹೆಚ್ಚುಕಡಿಮೆ ಎರೆಹುಳುಗಳಿಗೂ ಗೊತ್ತಿತ್ತು. ಒಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ಶನಿವಾರ ಅತ್ತಿಗೆ ಗುಂಡಿ ತರಲು ಪೇಟೆಗೆ, ಅಲ್ಲಿಂದ ಅಕ್ಕನ ಮನೆಗೆ ಹೋದರು. ಮಗಳೂ ಜೊತೆಗೆ ಹೋದಳು. ಅಲ್ಪವಿರಾಮನಿಗೆ ರಜೆ. ಮೂವತ್ತರಲ್ಲಿ ಆರು ದಿನ ಕಳೆದಿತ್ತು. ಕಸದ ಬುಟ್ಟಿಯಲ್ಲಿ ಕಸ ಕಮ್ಮಿಯಾಗಿರಲಿಲ್ಲ. ಬಿದ್ದುಹೋದ ಪ್ರಯೋಗಗಳ ಅವಶೇಷ ಸೇರಿ ಇನ್ನಷ್ಟು ಹೆಚ್ಚಿತ್ತು. ಏನಾದರೂ ದೊಡ್ಡದು ಮಾಡಲೇಬೇಕು! ಆಗ ಅವನಿಗೆ ಹೊಳೆಯಿತು: ಬರೀ ತನ್ನ ಮನೆ ಯಾಕೆ? ಇಡೀ ಬೀದಿಗೇ ಬಟ್ಟೆಯ ಕೈಚೀಲ ಹೊಲಿದು ಹಂಚಿದರೆ ಅಂಗಡಿಯ ಪ್ಲಾಸ್ಟಿಕ್ ಕವರಿನ ವಂಶವೇ ನಿರ್ವಂಶ!

ಬಟ್ಟೆ? ಅವನು ಗೂಟಕ್ಕೆ ತೂಗುತ್ತಿದ್ದ ಕ್ಯಾನ್‌ವಾಸ್ ಚೀಲ ನೋಡಿದ. ಕೈ ಚಾಚಿದ. ಗೋಡೆಯ ಮೇಲಿನ ಹಾಳೆ ನೋಡಿದ. ಕೈ ಹಿಂದಕ್ಕೆ ತೆಗೆದ.

"ಇಲ್ಲ. ಕೊಟ್ಟ ಮಾತು ಮಾತೇ. ಒಳ್ಳೇದನ್ನ ಮುಟ್ಟಲ್ಲ."

ಆ ಕ್ಷಣದಲ್ಲಿ ಅವನ ಮುಖದ ಮೇಲಿದ್ದ ತೇಜಸ್ಸನ್ನು ನೋಡಲು ಎರೆಹುಳುಗಳ ಹೊರತು ಯಾರೂ ಇರಲಿಲ್ಲ. ಸತ್ಯಸಂಧನಾಗಿ ತಿರುಗಿ, ಬಾಗಿಲ ಹಿಂದಿನ ಹರುಕು ಗೋಣಿಚೀಲವನ್ನು ಎಳೆದು ಬಗ್ಗಿಸಿದ.

ಅವನಿಗೆ ಮೊದಲು ಬಂದದ್ದು ಸಿಟ್ಟು. "ಅಬ್ಬಬ್ಬಾ! ಎಷ್ಟೆಷ್ಟು ದೊಡ್ಡ ಚಿಂದಿ! ಇಷ್ಟು ಪೋಲು ಮಾಡ್ತಾಳಾ ಇವಳು? ಇದರಲ್ಲಿ ಒಂದು ಕೋಟು ಹೊಲೀಬಹುದಲ್ಲ!"

ಅಷ್ಟು ಹತ್ತಿರ ಬಂದಿದ್ದ. ಇನ್ನೊಂದು ಹೆಜ್ಜೆ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕರಡು ತಿದ್ದುವವನ ಕಣ್ಣು ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಗಳ ಮೇಲೆ ಬಿತ್ತು. ಅವನ ಪ್ರಕಾರ ಅಚ್ಚಿಗೆ ಹೋಗುವ ಮುನ್ನ ಅಳಿಸಬೇಕಾದ ಗುರುತುಗಳವು. ಒದ್ದೆ ಬಟ್ಟೆ ತಂದು ಒಂದೂ ಬಿಡದೆ ಒರೆಸಿದ. ಜೋಡಿ ಜೋಡಿಯಾಗಿ ಒಂದೇ ಅಳತೆಯ ಚಿಂದಿಗಳು ಸಿಕ್ಕಿದ್ದು ಅವನಿಗೆ ದೈವಕೃಪೆಯಾಗಿ ಕಂಡಿತು. ಬೆನ್ನುಗಳನ್ನು ಮಡಚಿ ಎರಡು ಬದಿ ಹೊಲಿದ: ಮೂರು ಚೀಲ. ಮುಂಭಾಗಗಳನ್ನು ಒಂದರ ಮೇಲೊಂದಿಟ್ಟು ಹೊಲಿದ: ಇನ್ನೂ ಮೂರು. ತೋಳುಗಳನ್ನು ಉದ್ದಕ್ಕೆ ಮಡಚಿ ತಳ ಮುಚ್ಚಿದ: ಆರು ಉದ್ದ ಚೀಲ, ಛತ್ರಿಗೂ ಬ್ರೆಡ್ಡಿಗೂ ಹೇಳಿ ಮಾಡಿಸಿದಂಥವು. ಹಿಡಿಕೆಗೆ ಹಳೇ ಬೂಟಿನ ಲೇಸು, ಪೈಜಾಮದ ಲಾಡಿ. ಕಾಲರು, ಜೇಬುಗಳನ್ನು ಮಾತ್ರ 'ತೀರಾ ಚಿಲ್ಲರೆ' ಎಂದು ಗೋಣಿಗೆ ವಾಪಸು ತುರುಕಿದ. ಕತ್ತರಿಯನ್ನು ಮುಟ್ಟಲೇ ಇಲ್ಲ. "ಕತ್ತರಿಸಿದ್ರೆ ಮತ್ತೆ ಚಿಂದಿ, ಮತ್ತೆ ಕಸ!" ಎಂಬುದು ಅವನ ಸಿದ್ಧಾಂತ. ಜೀವಮಾನದಲ್ಲಿ ಅವನ ಸಿದ್ಧಾಂತವೊಂದು ಅವನ ಪ್ರಾಣ ಉಳಿಸಿದ್ದು ಅದೊಂದೇ ಸಲ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮುದ್ರಣಾಲಯದಿಂದ ತಂದಿಟ್ಟಿದ್ದ ದೊಡ್ಡ ಅಚ್ಚು, ಒಗೆದರೂ ಹೋಗದ ಕಪ್ಪು ಮಸಿ ಹೊರಗೆ ಬಂದವು. ಹನ್ನೆರಡೂ ಚೀಲಗಳ ಒಂದು ಬದಿಗೆ ಅಂಗೈಯಗಲದ ಅಕ್ಷರಗಳಲ್ಲಿ ಘೋಷವಾಕ್ಯ ಬಿತ್ತು:

'ನನ್ನನ್ನು ಎಸೆಯಬೇಡಿ. ಮತ್ತೆ ಬಳಸಿ.'

ಮಧ್ಯಾಹ್ನದ ಹೊತ್ತಿಗೆ ಅವನು ಬೀದಿಗಿಳಿದ. ಹನ್ನೆರಡು ಮನೆ, ಹನ್ನೆರಡು ಚೀಲ, ಹನ್ನೆರಡು ಭಾಷಣ. ಎದುರುಮನೆಯ ನಿವೃತ್ತ ಬಸ್ ಕಂಡಕ್ಟರನ ಬಾಗಿಲಲ್ಲಿ ಮಾತ್ರ ಇಪ್ಪತ್ತು ನಿಮಿಷ ನಿಂತ. ಆತ ಬೀದಿಯಲ್ಲೇ ಅತಿ ಹೆಚ್ಚು ಪ್ಲಾಸ್ಟಿಕ್ ಬಳಸುವ ಪಾಪಿ ಎಂದು ಇವನ ನಂಬಿಕೆ. "ನಿಮ್ಮ ಒಂದೊಂದು ಕವರೂ ನಾನ್ನೂರು ವರ್ಷ ಬದುಕುತ್ತೆ, ಗೊತ್ತಾ?" ಎಂದ. "ಬದುಕ್ಲಿ ಬಿಡಿ, ನಮ್ಮ ಕೈಲಂತೂ ಆಗಲ್ಲ" ಎಂದು ಕಂಡಕ್ಟರ್ ಚೀಲ ತೆಗೆದುಕೊಂಡ.

ಭಾನುವಾರ ಬೆಳಗ್ಗೆ ಅತ್ತಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ನೀಲಿ ದಾರ ಪೋಣಿಸಿ, ಬಾಗಿಲ ಹಿಂದಿನ ಗೋಣಿಚೀಲ ಎಳೆದರು. ಅದು ತುಂಬ ಹಗುರವಾಗಿ ಬಂತು.

"ರೀ... ಈ ಗೋಣಿಚೀಲ ಯಾರು ಮುಟ್ಟಿದ್ದು?"

ಅಲ್ಪವಿರಾಮ ಪತ್ರಿಕೆ ಮಡಚಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಬಂದ. ಈ ಪ್ರಶ್ನೆಗಾಗಿ ಅವನು ಹಿಂದಿನ ಸಂಜೆಯಿಂದ ಕಾಯುತ್ತಿದ್ದ.

"ನಾನೇ! ಕಸದಿಂದ ರಸ ಅಂತಾರಲ್ಲ, ಅದನ್ನ ಮಾಡಿ ತೋರಿಸಿದೀನಿ. ಇಡೀ ಬೀದಿ ಹೊಗಳ್ತಿದೆ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಚಿಂದಿ ತುಂಬಾ ದೊಡ್ಡದಾಗಿ ಬಿಡ್ತೀಯ."

ಅತ್ತಿಗೆ ಕುರ್ಚಿಯ ಮೇಲೆ ಕೂತರು. ಒಂದು ಕಾಲರನ್ನು ಕೈಯಲ್ಲಿ ಹಿಡಿದು ಗೋಡೆ ನೋಡಿದರು. ಬೈದರೆ ಅವನಿಗೆ ಭಯವಿರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ. ಅವರು ಬೈಯಲಿಲ್ಲ. ಬಚ್ಚಲಿನಿಂದ ಬಂದ ಮಗಳು ಗೋಣಿ ನೋಡಿದಳು, ಅಮ್ಮನ ಮುಖ ನೋಡಿದಳು, ಅಪ್ಪನ ಕೈಬೆರಳಿನ ಕಪ್ಪು ಮಸಿ ನೋಡಿದಳು.

"ಅಪ್ಪಾ, ಅದು ಚಿಂದಿ ಅಲ್ಲ. ಆಸ್ಪತ್ರೆ ಕೋಟು."

"ಹರುಕು ಚೀಲದಲ್ಲಿತ್ತಲ್ಲೇ!"

"ನೀನು ಮುಟ್ಟಬಾರದು ಅಂತಾನೇ ಅಮ್ಮ ಹರುಕು ಚೀಲದಲ್ಲಿ ಇಟ್ಟಿದ್ದು."

"ಮತ್ತೆ ಒಳ್ಳೆ ಚೀಲದಲ್ಲಿ?"

"ಚಿಂದಿ."

ಅವನು ಗೋಡೆಯ ಮೇಲಿನ ಹಾಳೆಯ ಕಡೆ ಬೆರಳು ತೋರಿಸಿದ. "ನಾನು ಮಾತು ಉಳಿಸ್ಕೊಂಡೆ! ಕಸ ಮಾತ್ರ ಮುಟ್ಟಿದೆ! ಬರೆದುಕೊಟ್ಟ ಪ್ರಕಾರ..."

"ಹೌದು ಕಣ್ರೀ," ಎಂದರು ಅತ್ತಿಗೆ ಮೆಲ್ಲಗೆ. "ನೀವು ಮಾತು ತಪ್ಪುತ್ತೀರಿ ಅಂತ ನಂಬಿ ಕೆಟ್ಟೆ."

ಅತ್ತಿಗೆ ಎದ್ದು ಗಡಿಯಾರ ನೋಡಿದರು.

"ಈಗ ಎಂಟು ಗಂಟೆ. ಹನ್ನೆರಡರೊಳಗೆ ಎಲ್ಲ ತುಂಡೂ ನನ್ನ ಮುಂದಿರಬೇಕು. ಇಲ್ಲದಿದ್ರೆ ಆ ಕಿಟಕಿ ಕಥೆ ಮುಗೀತು." ಕಿಟಕಿಯ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಚಪ್ಪಲಿಯೊಳಗಿನ ಕಲ್ಲಿನ ಅರ್ಥ ಅಲ್ಪವಿರಾಮನಿಗೆ ಆಗ ಹೊಳೆಯಿತು. ಅವನು ಅಂಗಿಯ ಗುಂಡಿ ಹಾಕಿಕೊಳ್ಳದೆ ಓಡಿದ.

ಬೀದಿಯ ಅರ್ಧಕ್ಕೆ ಹೋಗಿ ವಾಪಸು ಬಂದ. ಕೊಟ್ಟದ್ದನ್ನು ಬರಿಗೈಯಲ್ಲಿ ಕೇಳುವುದು ಹೇಗೆ? ಬದಲಿಗೆ ಒಂದು ಚೀಲವನ್ನಾದರೂ ಕೊಡಬೇಡವೆ? ಮನೆಯಲ್ಲಿ ಚೀಲ ಎಂಬ ಹೆಸರಿಗೆ ಯೋಗ್ಯವಾದದ್ದು ಏನಿತ್ತು? ಮಂಚದ ಕೆಳಗಿನ ಮೂರು ಮೂಟೆ!

ಹಾಗೆ, ಹಿಂದಿನ ದಿನ ಪ್ಲಾಸ್ಟಿಕ್ಕಿನ ವಂಶ ನಿರ್ಮೂಲನೆಗೆ ಹೊರಟಿದ್ದ ವೀರ, ಮಾರನೆಯ ದಿನ ಹೆಗಲ ಮೇಲೆ ಪ್ಲಾಸ್ಟಿಕ್ ಕವರಿನ ಮೂಟೆ ಹೊತ್ತು, ಅದೇ ಬೀದಿಯಲ್ಲಿ, ಅದೇ ಮನೆಗಳ ಬಾಗಿಲು ಬಡಿದ. ಒಂದು ಬಟ್ಟೆ ಚೀಲಕ್ಕೆ ಇಪ್ಪತ್ತು ಪ್ಲಾಸ್ಟಿಕ್ ಕವರು!

"ಇವು ನಾನ್ನೂರು ವರ್ಷ ಬದುಕುತ್ತವೆ ಅಂದ್ರಲ್ಲ?" ಎಂದರು ಮೊದಲನೇ ಮನೆಯವರು.

"ಗಟ್ಟಿ ಮಾಲು ಅಂತ ಅರ್ಥ," ಎಂದ.

ಏಳೆಂಟು ಮನೆಗಳಲ್ಲಿ ಸುಲಭವಾಗಿ ಸಿಕ್ಕವು. ಒಂದರಲ್ಲಿ ಈರುಳ್ಳಿ ಸುರಿದು ಕೊಟ್ಟರು. ಇನ್ನೊಂದರಲ್ಲಿ ಹಲ್ಲಿನ ಡಾಕ್ಟರ ಹೆಂಡತಿ, "ಇದರ ಹೊಲಿಗೆ ಸೊಟ್ಟಗಿತ್ತು, ಹೇಳೋಕೆ ಸಂಕೋಚವಾಗಿತ್ತು" ಎಂದು ಖುಷಿಯಿಂದಲೇ ಹಿಂದಿರುಗಿಸಿದರು. ಕಷ್ಟವಾದದ್ದು ಮೂಲೆಮನೆಯ ಅಜ್ಜಿಯ ಹತ್ತಿರ. ಅಜ್ಜಿ ಉದ್ದ ಚೀಲದ ತಳದ ಹೊಲಿಗೆ ಬಿಚ್ಚಿ, ನೋಯುವ ಮೊಣಕಾಲಿಗೆ ಹಾಕಿಕೊಂಡು, ಲೇಸು ಬಿಗಿದು ಬಿಸಿಲಿಗೆ ಕೂತಿದ್ದರು.

"ಬಾ ಮಗಾ, ಬಾ! ಇಷ್ಟು ವರ್ಷಕ್ಕೆ ಒಬ್ಬ ಪುಣ್ಯಾತ್ಮ ನನ್ನ ಕಾಲಿನ ಅಳತೆಗೆ ಸರಿಯಾಗಿ ಹೊಲಿದುಕೊಟ್ಟ ನೋಡು. ನೋವೇ ಇಲ್ಲ!"

ಅಲ್ಪವಿರಾಮ ಗಂಟಲು ಸರಿಮಾಡಿಕೊಂಡ. "ಅಜ್ಜೀ... ಅದು ವಾಪಸ್ ಬೇಕಿತ್ತು."

"ಏನಂದೆ?"

"ವಾಪಸ್. ಇದರ ಬದಲಿಗೆ ಇಪ್ಪತ್ತು ಕವರ್ ಕೊಡ್ತೀನಿ."

ಅಜ್ಜಿ ಕವರುಗಳನ್ನು ನೋಡಿದರು. ಮೊಣಕಾಲು ನೋಡಿದರು. ಇವನನ್ನು ನೋಡಿದರು. "ಇದನ್ನ ಕಾಲಿಗೆ ಹಾಕ್ಕೊಳ್ಳೋದು ಹೇಗೆ ಅಂತ ನೀನೇ ಹಾಕ್ಕೊಂಡು ತೋರಿಸು, ಕೊಡ್ತೀನಿ."

ಅವನು ಹಾಕಿಕೊಂಡು ತೋರಿಸಿದ. ಮೊಣಕಾಲಿಗೆ ಹಾಲಿನ ಕವರು ಕಟ್ಟಿಕೊಂಡು ನಡೆದೂ ತೋರಿಸಿದ. ಅಜ್ಜಿ ಕಣ್ಣೀರು ಬರುವವರೆಗೆ ನಕ್ಕು ತೋಳು ಬಿಚ್ಚಿಕೊಟ್ಟರು. ಅವನು ತನ್ನ ಉಣ್ಣೆಯ ಮಫ್ಲರನ್ನು ಅಜ್ಜಿಯ ಕಾಲಿಗೆ ತಾನೇ ಕಟ್ಟಿ ಬಂದ. ಆ ಮಫ್ಲರು ಮತ್ತೆ ಅವನ ಕತ್ತಿಗೆ ಬರಲಿಲ್ಲ.

ಹನ್ನೊಂದು ಸಿಕ್ಕವು. ಉಳಿದದ್ದು ದೊಡ್ಡ ಕೋಟಿನ ಬೆನ್ನು. ಅದು ಕಂಡಕ್ಟರನ ಮನೆಯಲ್ಲಿ.

ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತು, ಬಸ್ಸಿನ ಮೆಟ್ಟಿಲಲ್ಲಿ ನಿಂತ ಹಾಗೇ ಕೇಳಿದ: "ಏನು?"

"ನಿನ್ನೆ ಕೊಟ್ಟ ಚೀಲ ವಾಪಸ್ ಬೇಕು ಸಾರ್."

"ಹರಿದ ಟಿಕೆಟ್ ವಾಪಸ್ ತಗೊಳ್ಳಲ್ಲ. ಮೂವತ್ತಾರು ವರ್ಷ ಇದೇ ನಿಯಮ."

"ಮನೆಯವಳ ಕೆಲಸ ಹೋಗುತ್ತೆ ಸಾರ್. ಅದು ಚೀಲ ಅಲ್ಲ, ಕೋಟಿನ ಬೆನ್ನು."

ಕಂಡಕ್ಟರ್ ಗಲ್ಲ ಕೆರೆದುಕೊಂಡ. "ನಿಮ್ಮ ಮನೆಯವರ ಮುಖ ನೋಡಿ ಕೊಡಬಹುದು. ಆದ್ರೆ ನಿನ್ನೆ ಇದೇ ಬಾಗಿಲಲ್ಲಿ ಇಪ್ಪತ್ತು ನಿಮಿಷ ಭಾಷಣ ಮಾಡಿದ್ರಲ್ಲ, ಅದನ್ನೂ ವಾಪಸ್ ತಗೊಳ್ಳಿ."

"ಭಾಷಣ ವಾಪಸ್ ತಗೊಳ್ಳೋದು ಹೇಗೆ?"

"'ನಾನು ಹೇಳಿದ್ದು ತಪ್ಪು' ಅಂತ ಜೋರಾಗಿ ಹೇಳಿ. ಬೀದಿಗೆ ಕೇಳಬೇಕು."

ಇಪ್ಪತ್ತೈದು ವರ್ಷ ಜಗತ್ತಿನ ತಪ್ಪು ಹುಡುಕಿ ಸಂಬಳ ತೆಗೆದುಕೊಂಡ ಮನುಷ್ಯ! ಪುಟದ ಅಂಚಿನಲ್ಲಿ ಕೆಂಪು ಶಾಯಿಯಿಂದ ದೊಡ್ಡ ದೊಡ್ಡ ಪಂಡಿತರನ್ನು ಗೀಚಿ ಹಾಕಿದವನು! ಅವನು ಬೀದಿಯ ಕಡೆ ತಿರುಗಿದ. ಹನ್ನೊಂದು ಮನೆಗಳ ಕಿಟಕಿಗಳಲ್ಲಿ ಹನ್ನೊಂದು ತಲೆ. ತುದಿಯಲ್ಲಿ ಬೀಗ ಹಾಕಿದ ಕೋಣೆಯ ಖಾಲಿ ಕಿಟಕಿಯೂ ಕಂಡಿತು.

"ನಾನು ಹೇಳಿದ್ದು ತಪ್ಪು!" ಎಂದು ಕೂಗಿದ.

ಯಾವುದೋ ಮನೆಯಿಂದ ಚಪ್ಪಾಳೆ ಬಂತು. ಕಂಡಕ್ಟರ್ ಒಳಗೆ ಹೋಗಿ ಚೀಲ ತಂದ. ಚೀಲಕ್ಕಿಂತ ಮೊದಲು ಅದರ ವಾಸನೆ ಬಂತು. ಕಂಡಕ್ಟರ್ ಅದರಲ್ಲಿ ಬೆಳಗ್ಗೆಯೇ ಮೀನು ತಂದಿದ್ದ. ಬರೀ ಮೀನಲ್ಲ, ಮೀನಿನ ನೀರು, ಪೊರೆ, ರಕ್ತ, ಎಲ್ಲವೂ. "ನೀವು ಹೇಳಿದ್ರಲ್ಲ, ಎಲ್ಲದಕ್ಕೂ ಇದನ್ನೇ ಬಳಸಿ ಅಂತ," ಎಂದ.

ಅತ್ತಿಗೆ ಮೂಗಿಗೆ ಸೆರಗು ಹಿಡಿದು ಅದನ್ನು ಕೋಲಿನ ತುದಿಯಿಂದ ಬಕೆಟ್ಟಿಗೆ ಹಾಕಿದರು. ಮೂರು ಸಲ ಸೋಪು ಹಾಕಿ ಒಗೆದರು. ಘೋಷವಾಕ್ಯದ ಒಂದಕ್ಷರವೂ ಮಾಸಲಿಲ್ಲ. ಮೀನಿನ ವಾಸನೆಯೂ ಮಾಸಲಿಲ್ಲ.

"ನೀವು ಕಸದಿಂದ ರಸ ಮಾಡ್ಲಿಲ್ಲ. ರಸದಿಂದ ಕಸ ಮಾಡಿದ್ರಿ," ಎಂದರು.

ಆಮೇಲೆ ನಡೆದದ್ದನ್ನು ಅವನು ಬಹಳ ಕಾಲ ಹೇಳಿಕೊಂಡು ತಿರುಗಿದ. ಅತ್ತಿಗೆ ಹನ್ನೊಂದು ಚೀಲಗಳ ಹೊಲಿಗೆಯನ್ನು ಬ್ಲೇಡಿನಿಂದ ಚಕಚಕನೆ ಬಿಚ್ಚಿದರು. ಅಳಿಸಿಹೋದ ಗುರುತುಗಳನ್ನು ಮತ್ತೆ ಹಾಕಿದರು. ಮಸಿ ಬಿದ್ದ ಬಟ್ಟೆಯನ್ನು ಒಂದು ಕ್ಷಣ ದಿಟ್ಟಿಸಿದರು. ಬಟ್ಟೆ ದಪ್ಪ; ಮಸಿ ಹಿಂಬದಿಗೆ ಇಳಿದಿರಲಿಲ್ಲ. ಬಟ್ಟೆಗೆ ಎರಡು ಮುಖವೂ ಒಂದೇ. ಎಲ್ಲವನ್ನೂ ತಿರುವಿಹಾಕಿದರು. ಎಡದ ತೋಳು ಬಲಕ್ಕಾಯಿತು, ಬಲದ ಮುಂಭಾಗ ಎಡಕ್ಕಾಯಿತು, ಘೋಷವಾಕ್ಯಗಳೆಲ್ಲ ಕೋಟಿನ ಒಳಗೆ ಸೇರಿಕೊಂಡವು. ಇನ್ನು ದೊಡ್ಡ ಕೋಟಿನ ಬೆನ್ನು? ಅತ್ತಿಗೆ ಗೂಟದಿಂದ ಕ್ಯಾನ್‌ವಾಸ್ ಚೀಲ ತೆಗೆದು ಜಿಪ್ಪು ಎಳೆದರು. ನಿಜವಾದ ಚಿಂದಿ! ಅದೇ ನೀಲಿ ಬಟ್ಟೆಯ ಅಂಚು, ಪಟ್ಟಿ, ಮೂಲೆ, ಒಂದನ್ನೂ ಎಸೆಯದೆ ಇಟ್ಟಿದ್ದರು. ಆರು ತುಂಡು ಜೋಡಿಸಿ, ಜೋಡಣೆ ಕಾಣದಂತೆ ನಡುವೆ ಎರಡು ನೆರಿಗೆ ಕೊಟ್ಟು, ಸಂಜೆಯ ಬೆಳಕಿರುವಾಗಲೇ ಬೆನ್ನು ಎಬ್ಬಿಸಿಬಿಟ್ಟರು.

ಅಲ್ಪವಿರಾಮ ದಿನವಿಡೀ ಸಂದಿಯಲ್ಲಿ ನಿಂತು ಬಿಚ್ಚಿದ ದಾರ ಆಯ್ದ. ಒಂದೇ ಒಂದು ಮಾತಾಡಲಿಲ್ಲ. ಮಗಳು ಬಂದು ಅವನ ಹಣೆ ಮುಟ್ಟಿ ನೋಡಿದಳು.

ಸೋಮವಾರ ಬೆಳಗ್ಗೆ ಕೋಟಿನ ಗಂಟು ಹೊತ್ತು ಇಬ್ಬರೂ ಹೊರಟಾಗ ಬಾಗಿಲಲ್ಲೇ ಕಸದ ಗಾಡಿಯ ಅಕ್ಕ ಸಿಕ್ಕಳು. ಗಾಡಿ ತುಂಬಿ ತುಳುಕುತ್ತಿತ್ತು.

"ಅಣ್ಣಾ, ನೀವು ಇದೆಲ್ಲ ತಿಳಿದೋರು, ಸ್ವಲ್ಪ ಬುದ್ಧಿ ಹೇಳಿ. ಈ ಬೀದೀಲಿ ಯಾವತ್ತೂ ಇಷ್ಟು ಪ್ಲಾಸ್ಟಿಕ್ ಬಂದಿರಲಿಲ್ಲ. ಯಾರೋ ಮಹಾನುಭಾವ ಮನೆಮನೆಗೂ ಹೋಗಿ ಹಂಚಿದಾನಂತೆ!"

"ಛೆ ಛೆ," ಎಂದ ಅಲ್ಪವಿರಾಮ. "ಎಂಥೆಂಥ ಜನ ಇರ್ತಾರೆ."

ಅತ್ತಿಗೆ ಮುಖ ತಿರುಗಿಸಿ ನಡೆದರು. ಅವರ ಭುಜ ಕುಲುಕುತ್ತಿದ್ದುದು ಅಳುವಿನಿಂದಲ್ಲ ಎಂದು ತಿಳಿದು ಅವನಿಗೆ ಆಗ ಸ್ವಲ್ಪ ಧೈರ್ಯ ಬಂತು.

ಹೆಡ್ ನರ್ಸಮ್ಮ ಎತ್ತರದ, ತೂಕದ, ಮಾತು ಕಡಿಮೆಯ ಹೆಂಗಸು. ಚಿಕ್ಕ ಕೋಟು ನೋಡಿದರು, ಪಕ್ಕಕ್ಕಿಟ್ಟರು. ಮಧ್ಯಮ ಕೋಟು ನೋಡಿದರು, ಪಕ್ಕಕ್ಕಿಟ್ಟರು. ದೊಡ್ಡದನ್ನು ತಾವೇ ತೊಟ್ಟು, ರೋಗಿಯನ್ನು ಎತ್ತುವವರ ಹಾಗೆ ಬಗ್ಗಿದರು. ಎದ್ದರು. ಮತ್ತೆ ಬಗ್ಗಿದರು.

"ಬೆನ್ನು ಹಿಡೀತಾ ಇಲ್ಲವಲ್ಲ! ಈ ನೆರಿಗೆ ಯಾರು ಹೇಳಿದ್ದು?"

"ನಾನೇ ಕೊಟ್ಟೆ ಮೇಡಂ. ಬಗ್ಗೋ ಕೆಲಸ ಅಲ್ವಾ," ಎಂದರು ಅತ್ತಿಗೆ. ಗಂಡನ ಕಡೆ ನೋಡಲೂ ಇಲ್ಲ.

"ಇಪ್ಪತ್ತೊಂಬತ್ತು ವರ್ಷದಿಂದ ಬೆನ್ನು ಹಿಡಿಯೋ ಕೋಟಲ್ಲೇ ಬಗ್ತಿದೀವಮ್ಮ," ಎನ್ನುತ್ತ ನರ್ಸಮ್ಮ ಕೋಟು ಬಿಚ್ಚಿದರು. ಬಿಚ್ಚಿದವರು ಸುಮ್ಮನಿರಬಾರದೆ? ಒಳಹೊಲಿಗೆ ಹೇಗಿದೆ ಎಂದು ಕೋಟನ್ನು ಪೂರ್ತಿ ತಿರುವಿ ಬೆಳಕಿಗೆ ಹಿಡಿದರು.

ಎದೆಯ ಜಾಗದಲ್ಲಿ, ಅಂಗೈಯಗಲದ ಅಕ್ಷರಗಳಲ್ಲಿ, ಕಪ್ಪಗೆ.

"'ನನ್ನನ್ನು ಎಸೆಯಬೇಡಿ,'" ಎಂದು ನರ್ಸಮ್ಮ ಓದಿದರು. "'ಮತ್ತೆ ಬಳಸಿ.'"

ಅಲ್ಪವಿರಾಮ "ಅದು ಏನಂದ್ರೆ ಮೇಡಂ," ಎಂದು ಬಾಯಿ ತೆರೆದ. ಅತ್ತಿಗೆ ಅವನ ಕಾಲು ತುಳಿದರು. ಬಲವಾಗಿಯೇ ತುಳಿದರು. ನರ್ಸಮ್ಮ ಕುರ್ಚಿಯ ಮೇಲೆ ಕೂತು ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡರು. ಅವರ ಗಲ್ಲ ಅದುರಿತು. ಆಮೇಲೆ ಹೊಟ್ಟೆ ಅದುರಿತು.

"ಇನ್ನೆಂಟು ತಿಂಗಳಿಗೆ ನಾನು ರಿಟೈರು," ಎಂದರು ಕಣ್ಣೊರೆಸಿಕೊಳ್ಳುತ್ತ. "ಇದನ್ನ ಒಳಗಡೆ ಯಾಕಮ್ಮ ಹಾಕಿದ್ರಿ? ಬೆನ್ನ ಮೇಲೆ ಹಾಕಿದ್ರೆ ಮೇಲಿನೋರು ಓದ್ತಿದ್ರು!"

ಆ ಕೋಟನ್ನು ಅವರು ವಾಪಸು ಕೊಡಲಿಲ್ಲ. "ಮಿಕ್ಕ ಕೋಟಿಗೆ ಬರಹ ಬೇಡ. ನೆರಿಗೆ ಮಾತ್ರ ಹೀಗೇ ಇರ್ಲಿ," ಎಂದು ಕಾಗದಕ್ಕೆ ಸಹಿ ಹಾಕಿದರು.

ಆಸ್ಪತ್ರೆ ಮೆಟ್ಟಿಲು ಇಳಿಯುವಷ್ಟರಲ್ಲಿ ಅಲ್ಪವಿರಾಮನಿಗೆ ಪೂರ್ತಿ ಜೀವ ಬಂದಿತ್ತು.

"ನೋಡಿದ್ಯಾ? ನನ್ನ ಘೋಷವಾಕ್ಯ ಇಲ್ಲದಿದ್ರೆ ಅವರು ನಗ್ತಿರಲಿಲ್ಲ. ಮೀನು ಇಲ್ಲದಿದ್ರೆ ನೆರಿಗೆ ಬರ್ತಿರಲಿಲ್ಲ. ಮೂಲದಲ್ಲಿ ಯೋಚನೆ ಯಾರದ್ದು? ಕಿಟಕಿ ಬಂದಿದ್ದು ಯಾರಿಂದ?"

ಅತ್ತಿಗೆ ಮನೆಗೆ ಬಂದು ಹಗ್ಗದ ಮೇಲಿದ್ದ ಮೀನುವಾಸನೆಯ ಬೆನ್ನನ್ನು ಎಳೆದುಕೊಂಡರು. ಹತ್ತು ನಿಮಿಷ ಯಂತ್ರ ಗಡಗಡಿಸಿತು. ಎದ್ದು ಬಂದು ಅದನ್ನು ಅವನ ಕೊರಳಿಗೆ ಹಾಕಿ, ಹಿಂದೆ ಪೈಜಾಮದ ಲಾಡಿಯಿಂದ ಬಿಗಿದರು. ಅಚ್ಚುಕಟ್ಟಾದ ಏಪ್ರನ್ನು! ಎದೆಯ ಮೇಲೆ ಸರಿಯಾಗಿ ನಡುವೆ: 'ನನ್ನನ್ನು ಎಸೆಯಬೇಡಿ. ಮತ್ತೆ ಬಳಸಿ.'

"ಇನ್ನು ಮೇಲೆ ದಿನಾ ಬೆಳಗ್ಗೆ ಕಸದ ಬಕೆಟ್ ಹೊತ್ಕೊಂಡು ಹೋಗೋದು ನೀವು. ಇದನ್ನ ಹಾಕ್ಕೊಂಡೇ ಹೋಗ್ಬೇಕು."

"ಈ ಅಕ್ಷರ ಕಾಣೋ ಹಾಗಾ? ಬೀದಿಯೋರು ಏನಂದ್ಕೊಳ್ತಾರೆ?"

"ನಿಜ ಅಂದ್ಕೊಳ್ತಾರೆ. ಎಸೆದುಬಿಡೋಣ ಅಂತ ನನಗೂ ಎಷ್ಟೋ ಸಲ ಅನ್ಸಿದೆ," ಎಂದರು ಅತ್ತಿಗೆ ಲಾಡಿಯ ಗಂಟು ಬಿಗಿಯುತ್ತ. "ಬರ್ದಿದೆಯಲ್ಲ. ಏನ್ಮಾಡೋದು."

ಮೂವತ್ತನೇ ದಿನ ಅವನ ಮನೆಯ ಕಸ ಎರಡು ಬಕೆಟ್ಟಿತ್ತು. ಹೆಸರು ಬದಲಾಯಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಒಂಬತ್ತು ವರ್ಷ ಅವನು ಆ ಏಪ್ರನ್ನು ತೊಟ್ಟು ಕಸ ಹೊತ್ತ. ಕಸದ ಗಾಡಿಯ ಅಕ್ಕ ಪ್ರತಿದಿನ ಅದನ್ನು ಜೋರಾಗಿ ಓದಿ, "ಆಯ್ತಣ್ಣ, ಎಸೆಯಲ್ಲ," ಎನ್ನುತ್ತಿದ್ದಳು.

ಮೊನ್ನೆ ಅವನ ಬಟ್ಟೆಬರೆ ತೆಗೆದು ಬೇರೆ ಮಾಡಲು ಹೋಗಿದ್ದೆ. ಅತ್ತಿಗೆ ಬೀದಿ ತುದಿಯ ಆ ಕೋಣೆಯ ಕಿಟಕಿಯ ಹತ್ತಿರ ಯಂತ್ರದ ಮುಂದೆ ಕೂತಿದ್ದರು. ಬೀದಿಯ ಬೆಳಕೆಲ್ಲ ಅವರ ಕೈಮೇಲೆ ಬೀಳುತ್ತಿತ್ತು. ಅಂಗಿಗಳನ್ನು ಕೊಡುವ ರಾಶಿಗೆ ಹಾಕಿದೆ. ಏಪ್ರನ್ನಿನ ನೀಲಿ ಹೋಗಿತ್ತು, ಅಂಚು ಹರಿದಿತ್ತು, ವಾಸನೆ ಹಾಗೇ ಇತ್ತು. ಅದನ್ನು ಎಸೆಯುವ ಚೀಲಕ್ಕೆ ಹಾಕಿದೆ. ಅತ್ತಿಗೆ ತಲೆ ಎತ್ತದೆಯೇ ಕೈ ಚಾಚಿ, ಚೀಲದಿಂದ ಅದನ್ನು ಎಳೆದು, ತೊಡೆಯ ಮೇಲಿಟ್ಟುಕೊಂಡರು.

"ಅಷ್ಟು ವರ್ಷ ಅವರ ಜೊತೆ ತಿರುಗಿದೋರು," ಎಂದರು. "ಎರಡು ಸಾಲು ಓದೋಕೆ ಬರಲ್ವಾ ನಿಮಗೆ?"